ವಾಪಸ್ ಬರುವ ನೀರಿಗೆ ಸಣ್ಣ ಮೋಟರು

ಪಾರ್ವತಿನಗರದ ಆ ಮಕ್ಕಳ ಆಸ್ಪತ್ರೆಯ ಶಟರು ಇನ್ನೂ ಅರ್ಧವೇ ಎದ್ದಿದೆ. ಬೀದಿಯಲ್ಲಿ ಹಾಲಿನವರ ಸೈಕಲ್ಲು ಬಿಟ್ಟರೆ ಬೇರೆ ಸದ್ದಿಲ್ಲ. ದುರ್ಗಾದೇವಿ ಬಗ್ಗಿ ಒಳಗೆ ನುಸುಳಿ, ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೀಪವನ್ನೂ ಹಾಕದೆ ನೇರ ಮೂಲೆಯ ಗಾಜಿನ ತೊಟ್ಟಿಯ ಮುಂದೆ ಮಂಡಿಯೂರುತ್ತಾರೆ. ಬ್ಯಾಗಿನಿಂದ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು ಅದರ ತುದಿಯನ್ನು ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿಕೊಳ್ಳುತ್ತಾರೆ. ಡಾಕ್ಟರು ಮಕ್ಕಳ ಎದೆಯ ಮೇಲೆ ಇಡುವುದು ಬೇರೆ ಉಪಕರಣ, ಇವರದು ಇದು. ಒಂದೆರಡು ಉಸಿರಿನಷ್ಟು ಹೊತ್ತು ಕಣ್ಣು ಮುಚ್ಚಿ ಕೇಳುತ್ತಾರೆ. ಸಮಾಧಾನವಾದ ಮೇಲಷ್ಟೇ ಎದ್ದು ದೀಪ ಹಾಕುತ್ತಾರೆ.

ದೀಪ ಬಂತೆಂದರೆ ಸಮುದ್ರ ಬಂದಂತೆ. ಬಳ್ಳಾರಿಯಲ್ಲಿ ಎಲ್ಲಿಯ ಸಮುದ್ರ ಎಂದು ಹುಬ್ಬೇರಿಸಬೇಡಿ. ಐದಡಿ ಉದ್ದದ ಗಾಜಿನೊಳಗೆ ಉಪ್ಪುನೀರು, ಅದರೊಳಗೆ ಕಲ್ಲುಗಳು, ಕಲ್ಲಿನ ಮೇಲೆ ನೇರಳೆ, ಹಸಿರು, ಕೇಸರಿ ಬಣ್ಣದ ಜೀವಂತ ಹವಳ. ಆರೇಳು ಸಣ್ಣ ಮೀನು. ಅವುಗಳಲ್ಲಿ ಕೇಸರಿ ಮೈಗೆ ಬಿಳಿ ಪಟ್ಟಿ ಇರುವ ಒಂದು ಜೋಡಿ ಬಾಲ ಕುಣಿಸುತ್ತ ಗಾಜಿನ ಹತ್ತಿರ ಬರುತ್ತದೆ. ಜೋಡಿಯಲ್ಲಿ ದೊಡ್ಡದು ಹೆಣ್ಣು, ಸಣ್ಣದು ಗಂಡು. "ಇವರ ಮನ್ಯಾಗ ಹೆಂಡ್ತಿನ ದೊಡ್ಡಾಕಿ. ಗಂಡ ಮೊಟ್ಟಿ ಕಾಯ್ಕೊಂತ ಕುಂದರ್ತಾನ, ಆಕಿ ಯಜಮಾನ್ಕಿ ಮಾಡ್ತಾಳ," ಎನ್ನುತ್ತಾರೆ ದುರ್ಗಾದೇವಿ. ಅವರ ಗಂಡ ಗವಿಸಿದ್ದೇಶ್ ಕುರುಗೋಡಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾರೆ. ಈ ವಿಷಯ ಅವರ ಕಿವಿಗೆ ಬೀಳುವುದು ಬೇಡ ಎಂದು ನಗುತ್ತಲೇ ಕಟ್ಟಪ್ಪಣೆಯನ್ನೂ ಮಾಡುತ್ತಾರೆ.

ನಗು ಮುಗಿಯುವ ಹೊತ್ತಿಗೆ ಕೈ ಸ್ಕಿಮ್ಮರಿಗೆ ಹೋಗಿರುತ್ತದೆ. ಉಪ್ಪುನೀರಿನ ತೊಟ್ಟಿಗೆ ಸ್ಕಿಮ್ಮರು ಇಲ್ಲದಿದ್ದರೆ ಬಾಳಿಲ್ಲ. ನೀರಿಗೆ ನವಿರಾದ ಗಾಳಿಗುಳ್ಳೆ ನುಗ್ಗಿಸಿದರೆ ಮೀನಿನ ಕೊಳೆಯೆಲ್ಲ ಗುಳ್ಳೆಗೆ ಅಂಟಿ ನೊರೆಯಾಗಿ ಮೇಲೇರುತ್ತದೆ. ಬೆಲ್ಲದ ಪಾಕ ಕುದಿಯುವಾಗ ಕಸ ಮೇಲೆ ಬರುತ್ತದಲ್ಲ, ಹಾಗೆ. ಆ ನೊರೆ ಮೇಲಿನ ಬಟ್ಟಲಿಗೆ ಬಿದ್ದು ನೀರಾಗುತ್ತದೆ. ದುರ್ಗಾದೇವಿ ಬಟ್ಟಲು ಬಿಚ್ಚಿ ಬೆಳಕಿಗೆ ಹಿಡಿಯುತ್ತಾರೆ. ಕಡಕ್ ಚಹಾದ ಬಣ್ಣ. ವಾಸನೆ ಮಾತ್ರ ಕೇಳಬೇಡಿ. "ರಾತ್ರಿ ಚಲೋ ಉಂಡೈತ್ರಿ," ಎಂದು ಯಂತ್ರದ ಬೆನ್ನು ತಟ್ಟಿ, ಬಟ್ಟಲನ್ನು ತೊಳೆಯಲು ಹಿತ್ತಲಿಗೆ ಒಯ್ಯುತ್ತಾರೆ.

ಕುರುಗೋಡಿನಿಂದ ಮೊದಲ ಬಸ್ಸಿಗೆ ಬರುವ ಈ ನಲವತ್ತನಾಲ್ಕರ ಹೆಣ್ಣುಮಗಳ ಕೈಯಲ್ಲಿ ಬಳ್ಳಾರಿಯ ಮೂರು, ಸಿರುಗುಪ್ಪದ ಒಂದು ಉಪ್ಪುನೀರಿನ ತೊಟ್ಟಿಗಳು ಬದುಕಿವೆ. ದಿನಕ್ಕೆ ಎರಡು ತೊಟ್ಟಿ ನೋಡುತ್ತಾರೆ, ವಾರಕ್ಕೊಮ್ಮೆ ಬಕೆಟ್ಟುಗಳಲ್ಲಿ ಉಪ್ಪು ಕದಡಿ ಹೊಸ ಸಮುದ್ರ ತಯಾರಿಸುತ್ತಾರೆ. ನಿಜವಾದ ಸಮುದ್ರವನ್ನು ಮಾತ್ರ ಅವರು ಇದುವರೆಗೆ ನೋಡಿಲ್ಲ. ಅದನ್ನು ಕೇಳಿ ಅಯ್ಯೋ ಪಾಪ ಎನ್ನುವವರಿಗೆ ಅವರದು ಒಂದೇ ಉತ್ತರ. "ಸಮುದ್ರಕ್ಕ ಯಾರೂ ಮೋಟರ್ ಕುಂದ್ರಿಸಿಲ್ಲಂತಲ್ರಿ. ಅಲ್ಲಿ ಹೋಗಿ ನಾನೇನ್ ಮಾಡ್ಲಿ?"

ಮೋಟರು ಅವರಿಗೆ ತವರಿನ ಬಳುವಳಿ. ತಂದೆ ಗಾದೆಪ್ಪ ಕುರುಗೋಡಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು. ಸುಟ್ಟ ಮೋಟರಿನ ಹಳೇ ತಾಮ್ರದ ತಂತಿ ಕಿತ್ತು ಹೊಸದು ಸುತ್ತುವುದು ಅಲ್ಲಿಯ ಕೆಲಸ. ಸಂದಿನೊಳಗೆ ತಂತಿ ತೂರಿಸಲು ಸಣ್ಣ ಬೆರಳು ಬೇಕು. ಮಗಳ ಬೆರಳು ಸಣ್ಣವಿದ್ದವು, ಶಾಲೆ ಬಿಟ್ಟ ಕೂಡಲೇ ಅವಳು ಅಂಗಡಿಯಲ್ಲಿ ಕೂರುತ್ತಿದ್ದಳು. ಮದುವೆಯಾಗಿ ಹಚ್ಚೊಳ್ಳಿಗೆ ಹೋದ ಮೇಲೂ ಕೆಲಸ ಬಿಡಲಿಲ್ಲ. ಕಾಲುವೆಯ ಬದುವಿನಲ್ಲಿ ರೈತರ ಮೋಟರು ಕೆಟ್ಟರೆ ಟ್ರ್ಯಾಕ್ಟರ್ ಮನೆ ಮುಂದೆ ಬಂದು ನಿಲ್ಲುತ್ತಿತ್ತು, ಸೊಸೆ ಹಿಂದೆ ಕೂತು ಹೊಲಕ್ಕೆ ಹೋಗುತ್ತಿದ್ದಳು. ಅತ್ತೆಗೆ ಮೊದಮೊದಲು ನಾಚಿಕೆಯಾಗಿತ್ತಂತೆ. ಆಮೇಲೆ ಅದೇ ಅತ್ತೆ ಊರ ತುಂಬಾ ಹೇಳಿಕೊಂಡು ತಿರುಗಿದರಂತೆ. ಗಂಡನ ಆಟೋಕ್ಕೆ ಕುರುಗೋಡಿನಲ್ಲಿ ಹೆಚ್ಚು ಬಾಡಿಗೆ ಸಿಗುತ್ತದೆಂದು ಸಂಸಾರ ಮತ್ತೆ ತವರೂರಿಗೆ ಬಂತು.

ಆ ಅಂಗಡಿಗೆ ಒಂದು ದಿನ ಪಾರ್ವತಿನಗರದ ಆಸ್ಪತ್ರೆಯಿಂದ ಅಂಗೈಯಗಲದ ಪಂಪೊಂದು ಬಂತು. ತೊಟ್ಟಿ ಕೂರಿಸಿಹೋದ ಬೆಂಗಳೂರಿನವರು ಫೋನೇ ಎತ್ತುತ್ತಿರಲಿಲ್ಲ. ಗಾದೆಪ್ಪ ಅದನ್ನು ಅತ್ತಿತ್ತ ತಿರುಗಿಸಿ, ಇದಕ್ಕೆ ಸುತ್ತಲು ತಂತಿಯೇ ಕಾಣುವುದಿಲ್ಲ, ಆಟಿಕೆ ಸಾಮಾನು ಎಂದು ನಕ್ಕು ಬದಿಗಿಟ್ಟರು. ಮಗಳು ಬಿಡಲಿಲ್ಲ. ಬಿಚ್ಚಿ ನೋಡಿದರೆ ಪಂಪು ಸುಟ್ಟೇ ಇಲ್ಲ, ಒಳಗಿನ ಚಕ್ರಕ್ಕೆ ಸುಣ್ಣ ಕಟ್ಟಿತ್ತು. ನಿಂಬೆ ಉಪ್ಪಿನ ನೀರಲ್ಲಿ ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ತಾವೇ ಬಸ್ಸು ಹತ್ತಿ ತಂದು ಕೂರಿಸಿದರು. ನೀರು ತಿರುಗಿತು. ಮುದುಡಿಕೊಂಡಿದ್ದ ಹವಳ ಸಂಜೆಯೊಳಗೆ ಅರಳಿತು. ಅದನ್ನು ನೋಡುತ್ತ ನಿಂತವರಿಗೆ ಕುರುಗೋಡಿನ ಬಸ್ಸು ತಪ್ಪಿದ್ದೂ ಗೊತ್ತಾಗಲಿಲ್ಲ. ಡಾಕ್ಟರ್ ಸುಪ್ರಜಾ ಅವತ್ತೇ ತೊಟ್ಟಿಯನ್ನು ಅವರಿಗೆ ಒಪ್ಪಿಸಿಬಿಟ್ಟರು. ಉಳಿದದ್ದನ್ನು ಫೋನಿನ ವಿಡಿಯೋ ನೋಡಿ, ಚೆನ್ನೈನ ಅಂಗಡಿಯವರೊಬ್ಬರ ಹತ್ತಿರ ತೆಲುಗಿನಲ್ಲಿ ಕೇಳಿ ಕಲಿತರು.

ಇಷ್ಟು ಹೊತ್ತು ಹೊಗಳಿದ್ದಾಯಿತು. ಇನ್ನು ಅವರು ಮಾಡಿದ ಎಡವಟ್ಟನ್ನೂ ಹೇಳಬೇಕು. ಹೇಳಿ ಎಂದು ಅವರೇ ಪಟ್ಟು ಹಿಡಿದಿದ್ದಾರೆ.

ಕಾಲುವೆಯ ಸೀಮೆಯಲ್ಲಿ ಮೋಟರು ಕೊಳ್ಳುವಾಗ ಎಲ್ಲರೂ ಪಾಲಿಸುವ ಒಂದು ರೂಢಿ ಇದೆ. ಬೇಕಾದ್ದಕ್ಕಿಂತ ಒಂದು ಸೈಜ್ ಮೇಲಿನದು ತರುವುದು. ಪಕ್ಕದ ಹೊಲದವನದು ಐದು ಎಚ್‌ಪಿ ಇದ್ದರೆ ನಮ್ಮದು ಏಳೂವರೆ. ನೀರು ಹೆಚ್ಚಾದರೆ ವಾಲ್ವ್ ತಿರುಗಿಸಿ ಕಡಿಮೆ ಮಾಡಿದರಾಯಿತು, ಕಡಿಮೆಯಾದರೆ ಏನು ಮಾಡುವುದು ಎಂಬ ಲೆಕ್ಕ. ಗಾದೆಪ್ಪನವರ ಅಂಗಡಿಯಲ್ಲಿ ಹುಟ್ಟಿ ಬೆಳೆದ ಈ ಬುದ್ಧಿ ಮಗಳ ಜೊತೆ ಪಾರ್ವತಿನಗರಕ್ಕೂ ಬಂತು. ಕೆಳಗೆ ಇಳಿದ ನೀರನ್ನು ಮತ್ತೆ ತೊಟ್ಟಿಗೆ ಎತ್ತುವ ಹಳೇ ಪಂಪಿನ ಜಾಗಕ್ಕೆ ನೂರು ವ್ಯಾಟಿನ ಹತ್ತಿರದ ದೊಡ್ಡ ಪಂಪು ಬಂತು, ಅದರ ವಾಲ್ವ್ ಅರ್ಧ ಮುಚ್ಚಿತು. ಸ್ಕಿಮ್ಮರೂ ಇದರ ಎರಡರಷ್ಟು ದೊಡ್ಡ ತೊಟ್ಟಿಗೆ ಆಗುವಂಥದ್ದು. ಕೂರಿಸಿದ ದಿನ ಅಂಗಡಿಯ ಪದ್ಧತಿಯಂತೆ ಅಂಗೈ ಪರೀಕ್ಷೆಯೂ ನಡೆಯಿತು. ಓಡುವ ಮೋಟರಿನ ಮೇಲೆ ಅಂಗೈ ಊರಬೇಕು, ಸುಡದಿದ್ದರೆ ಪಾಸು. ಪಂಪು ಮುಳುಗಿದ್ದು ನೀರಲ್ಲಿ. ಅಂಗೈಗೆ ತಣ್ಣಗೇ ಹತ್ತಿತು. ದುರ್ಗಾದೇವಿ ಖುಷಿಯಾಗಿ ಮನೆಗೆ ಹೋದರು.

ಆದರೆ ಅವತ್ತಿನಿಂದ ಚಿಲ್ಲರಿಗೆ, ಅಂದರೆ ನೀರನ್ನು ತಂಪಾಗಿಡುವ ಯಂತ್ರಕ್ಕೆ, ಪುರುಸೊತ್ತೇ ಇಲ್ಲದಂತಾಯಿತು. ಹವಳಕ್ಕೆ ನೀರು ಇಪ್ಪತ್ತೆಂಟು ಡಿಗ್ರಿ ದಾಟಿದರೆ ಸಂಕಟ ಶುರು, ಬಳ್ಳಾರಿಯ ಬಿಸಿಲಿಗೆ ನಲವತ್ತೂ ಕಮ್ಮಿಯೇ. ಎಲ್ಲರೂ ಬಿಸಿಲನ್ನು ಬೈದರು. ದುರ್ಗಾದೇವಿಯೂ ಬೈದರು. ತಾವು ಕೂರಿಸಿದ ಪಂಪಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಈ ವರ್ಷ ಶಿವರಾತ್ರಿ ಆದ ಮರುವಾರ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಕೆಟ್ಟಿತು. ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಆಸ್ಪತ್ರೆಯ ಇನ್ವರ್ಟರು ಲಸಿಕೆಯ ಫ್ರಿಜ್ಜನ್ನೂ ನಡೆಸಬೇಕು, ತೊಟ್ಟಿಯ ಪಂಪು, ಸ್ಕಿಮ್ಮರನ್ನೂ ನಡೆಸಬೇಕು. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿ ಕೈಚೆಲ್ಲಿತು. ಮೀನುಗಳು ಹೇಗೋ ಉಳಿದವು. ಲಸಿಕೆಯ ಫ್ರಿಜ್ಜು ಎಂಟು ಡಿಗ್ರಿ ದಾಟಿ ಬಿಸಿಯಾಯಿತು, ಒಳಗಿದ್ದ ಲಸಿಕೆಗಳನ್ನು ಎಸೆಯಬೇಕಾಯಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ತಾಯಂದಿರಿಗೆ ಇನ್ನೊಂದು ದಿನ ಬನ್ನಿ ಎಂದು ಹೇಳುವ ಕೆಲಸ ನರ್ಸ್ ವಿಜಯಾಬಾಯಿಯವರ ಪಾಲಿಗೆ ಬಂತು. ಅವರಲ್ಲಿ ರೂಪನಗುಡಿಯಿಂದ ಬಂದಿದ್ದ ಪಕ್ಕೀರಮ್ಮ ಎಂಬಾಕೆ ಕೂಸಿನ ತಲೆಗೆ ಸೆರಗು ಹೊದಿಸಿ, ಬಿಸಿಲಲ್ಲಿ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎನ್ನುತ್ತಾರೆ ದುರ್ಗಾದೇವಿ. ಆ ಬೆನ್ನು ಅವರ ಕಣ್ಣಿಂದ ಹೋಗಿಲ್ಲ.

ವಿಜಯಾಬಾಯಿ ಈ ಆಸ್ಪತ್ರೆ ಶುರುವಾದಾಗಿನಿಂದ ಇರುವವರು. ಮಡಿ ಹುಡಿಯ ಮನೆಯಲ್ಲಿ ಬೆಳೆದ ಶಿಸ್ತನ್ನೆಲ್ಲ ಲಸಿಕೆಯ ಫ್ರಿಜ್ಜಿಗೆ ಸುರಿದಿದ್ದಾರೆ. ಅದರ ಬಾಗಿಲನ್ನು ಅವರಲ್ಲದೆ ಇನ್ನೊಬ್ಬರು ತೆಗೆದರೆ ಆ ದಿನವಿಡೀ ಮಾತಿಲ್ಲ. ಸ್ಕಿಮ್ಮರಿನ ಬಟ್ಟಲು ಎದುರಾದರೆ ಮೂಗು ಮುಚ್ಚಿ ಗೋಡೆಗೆ ಸರಿದು ನಿಲ್ಲುವ ಇವರಿಗೂ ದುರ್ಗಾದೇವಿಗೂ ವರ್ಷಗಳಿಂದ ನಗುನಗುತ್ತಲೇ ನಡೆದುಬಂದ ಒಂದು ಜಟಾಪಟಿ ಇತ್ತು. ಅವತ್ತು ನಗು ಇರಲಿಲ್ಲ. "ಮೀನು ನೋಡಿದ್ರ ಮಕ್ಕಳು ಅಳೋದು ನಿಲ್ಲಸ್ತಾವ, ಖರೇ ಅದ. ಆದ್ರ ಲಸಿಕಿ ಕೆಟ್ರ ಆ ಮಕ್ಕಳಿಗೆ ನಾ ಏನ್ ಕೊಡ್ಲಿ ದುರ್ಗಾ?" ಎಂದರು.

ಡಾಕ್ಟರ್ ಸುಪ್ರಜಾ ಕೂಗಾಡುವವರಲ್ಲ. ಸಿಟ್ಟಿಲ್ಲ ಎಂದರು, ಆದರೆ ಮೀನಿಗಾಗಿ ಇನ್ನೊಂದು ಬ್ಯಾಟರಿ ತರುವುದಿಲ್ಲ ಎಂದೂ ಹೇಳಿದರು. ಫ್ರಿಜ್ಜು ಇಡೀ ದಿನ ನಡೆದ ಮೇಲೂ ಬ್ಯಾಟರಿಯಲ್ಲಿ ಉಳಿಯುವಷ್ಟರಲ್ಲಿ ತೊಟ್ಟಿ ಬದುಕಬೇಕು. ಯುಗಾದಿಯೊಳಗೆ ಅದು ಆಗದಿದ್ದರೆ ತೊಟ್ಟಿ ತೆಗೆಯುವುದು. ತೊಟ್ಟಿ ತೆಗೆದರೆ ಮೀನನ್ನಾದರೂ ಯಾರಾದರೂ ಇಟ್ಟುಕೊಂಡಾರು. ತುಣುಕು ತುಣುಕು ತಂದು ಅಂಟಿಸಿ ಇಷ್ಟಗಲ ಬೆಳೆಸಿದ ಹವಳ ಈ ಬಿಸಿಲಲ್ಲಿ ಇನ್ನೊಂದು ಕಡೆ ಹೋಗಿ ಜೀವ ಹಿಡಿಯುವುದು ಸುಳ್ಳು. ಇದು ಡಾಕ್ಟರಿಗೂ ಗೊತ್ತಿತ್ತು, ದುರ್ಗಾದೇವಿಗೂ ಗೊತ್ತಿತ್ತು.

ಅವರು ಮೊದಲು ಮಾಡಿದ ಕೆಲಸ, ಪ್ಲಗ್ಗಿಗೆ ಸಿಕ್ಕಿಸಿ ಕರೆಂಟು ಎಷ್ಟು ತಿನ್ನುತ್ತದೆಂದು ಅಳೆಯುವ ಸಣ್ಣ ಮೀಟರು ತಂದದ್ದು. ಡಬ್ಬಿಯ ಮೇಲೆ ಬರೆದಿರುವುದನ್ನು ನಂಬಬಾರದು, ಯಂತ್ರ ನಿಜವಾಗಿ ತಿನ್ನುವುದೇ ಬೇರೆ ಎಂಬುದು ಆಗ ತಿಳಿಯಿತು. ಎರಡನೆಯದು ತಾನಾಗಿಯೇ ತಿಳಿಯಿತು. ದೊಡ್ಡ ಪಂಪನ್ನು ತೊಳೆಯಲು ತೆಗೆದು, ಆ ಹೊತ್ತಿಗೆ ಒಂದು ಬಡಪಾಯಿ ಸಣ್ಣ ಪಂಪು ಹಾಕಿದ್ದರು. ಸ್ವಲ್ಪ ಹೊತ್ತಿಗೆ ಚಿಲ್ಲರು ಸುಮ್ಮನಾಯಿತು. ಕೆಟ್ಟಿತೇನೋ ಎಂದು ಓಡಿಬಂದು ನೋಡಿದರೆ, ಅದಕ್ಕೆ ಕೆಲಸವೇ ಇಲ್ಲ, ನೀರು ತಂಪಾಗಿದೆ. ಬ್ರಷ್ಷು ಹಿಡಿದುಕೊಂಡೇ ಅವರು ನೆಲದ ಮೇಲೆ ಕೂತುಬಿಟ್ಟರು.

"ಹೊಲದಾಗ ನೀರು ಮೋಟರ್ ಮುಟ್ಟಿ ಹೋಗ್ತೈತ್ರಿ, ವಾಪಸ್ ಬರಂಗಿಲ್ಲ. ಬಿಸಿ ತನ್ನ ಸಂಗಾಟ ಒಯ್ತೈತಿ. ಇಲ್ಲಿ ಹೋದ ನೀರ ತಿರುಗಿ ಬರ್ತೈತಿ, ಬಿಸೀನೂ ತಿರುಗಿ ಬರ್ತೈತಿ. ಇಷ್ಟು ವರ್ಷ ಅಂಗೈ ಇಟ್ಟು ಮೋಟರ್ ನೋಡೀನಿ, ನೀರ್ ನೋಡೇ ಇಲ್ಲ ನೋಡ್ರಿ."

ಪಂಪು ನೀರನ್ನು ಕಾಯಿಸುತ್ತಿತ್ತು, ಚಿಲ್ಲರು ಅದನ್ನು ಆರಿಸುತ್ತಿತ್ತು, ಎರಡಕ್ಕೂ ಕರೆಂಟು ಹೋಗುತ್ತಿತ್ತು. ಅವತ್ತೇ ಅವರು ತೀರ್ಮಾನಿಸಿದರು. ದೊಡ್ಡ ಬ್ಯಾಟರಿ ಕೇಳುವುದೂ ಅದೇ ಒಂದು ಸೈಜ್ ಮೇಲಿನ ರೋಗ. ಈ ಸಲ ಒಂದು ಸೈಜ್ ಕೆಳಗೆ ಇಳಿಯಬೇಕು.

ಇಳಿಯುವುದು ಸುಲಭವಿರಲಿಲ್ಲ. ಪಂಪಿನ ಮಾತು ಎತ್ತಿದ್ದೇ ತಡ ಗಾದೆಪ್ಪನವರಿಗೆ ಅವಮಾನವಾಯಿತು. ಮೂವತ್ತು ವ್ಯಾಟಂತೆ, ಮನೆಯಲ್ಲಿ ಉರಿಯುವ ಬಲ್ಬೇ ಅದಕ್ಕಿಂತ ದೊಡ್ಡದಿತ್ತು, ಇದನ್ನು ಕೂರಿಸಲು ನನ್ನ ಮಗಳು ಬೇಕಾ ಎಂದು ಮುಖ ತಿರುಗಿಸಿ ಕೂತರು. ಮಗಳು ವಾದ ಮಾಡಲಿಲ್ಲ, ಅಪ್ಪನನ್ನು ಬಸ್ಸಿಗೆ ಹತ್ತಿಸಿಕೊಂಡು ಬಂದು ಜಾಗ ತೋರಿಸಿದರು. ತೊಟ್ಟಿಯ ನೀರು ಗೋಡೆ ದಾಟಿ, ಹಿಂದಿನ ಕೋಣೆಯ ನೆಲದ ಮೇಲಿನ ಇನ್ನೊಂದು ತೊಟ್ಟಿಗೆ ಇಳಿದು, ಅಲ್ಲಿಂದ ಸಣ್ಣ ಪೈಪಿನಲ್ಲಿ ನಾಲ್ಕು ತಿರುವು ತಿರುಗಿ ಮೇಲೇರುತ್ತಿತ್ತು. ಮುದುಕ ಪೈಪಿನುದ್ದಕ್ಕೂ ಕೈಯಾಡಿಸಿದರು. ಸಿಟ್ಟು ಎಲ್ಲಿ ಹೋಯಿತೋ.

"ಮೋಟರ್ ಸಣ್ಣದು ಅಂದ್ಮ್ಯಾಲ ಪೈಪಿನ ದಾರಿ ದೊಡ್ಡದು ಮಾಡವ್ವ. ಇಷ್ಟು ತಿರುವು ಇಟ್ರ ನೀರು ಏರೂದರಾಗ ಸುಸ್ತಾಗ್ತೈತಿ," ಎಂದರು.

ಅಪ್ಪ ಮಗಳು ಸೇರಿ ಭಾನುವಾರವೊಂದನ್ನು ಅದಕ್ಕೇ ಕೊಟ್ಟರು. ಕೆಳಗಿನ ತೊಟ್ಟಿಯನ್ನು ಗೋಡೆಯಾಚೆಯಿಂದ ತಂದು ದೊಡ್ಡ ತೊಟ್ಟಿಯ ಅಡಿಯಲ್ಲೇ ಕಟ್ಟೆಯ ಮೇಲೆ ಕೂರಿಸಿದರು. ಅಗಲ ಪೈಪು, ನೆಟ್ಟಗಿನ ದಾರಿ. ನೀರು ಏರಬೇಕಾದ ಎತ್ತರವೇ ಅರ್ಧಕ್ಕರ್ಧ ಇಳಿಯಿತು. ವೇಗ ಹೆಚ್ಚು ಕಡಿಮೆ ಮಾಡಬಹುದಾದ ಮೂವತ್ತು ವ್ಯಾಟಿನ ಪಂಪು ಅಲ್ಲಿ ಆರಾಮಾಗಿ ನೀರೆತ್ತಿತು. ಹವಳಕ್ಕೆ ಬೇಕಾದ ಅಲೆಗಾಗಿ ಗಾಜಿಗೆ ಅಂಟಿಕೊಳ್ಳುವ ಸಣ್ಣ ಫ್ಯಾನಿನಂಥ ಪಂಪೊಂದು ಬಂತು. ನೀರನ್ನು ಎತ್ತದೆ ಬರೀ ತಳ್ಳುವುದರಿಂದ ಅದು ತಿನ್ನುವುದು ಇನ್ನೂ ಕಡಿಮೆ. ನೀರಿನ ಮೇಲ್ಮೈಗೆ ಗಾಳಿ ಬೀಸಲು ಅಂಗೈಯಗಲದ ಫ್ಯಾನು. ನೀರು ಆವಿಯಾಗುತ್ತ ತಾನೇ ತಂಪಾಗುತ್ತದೆ, ಆವಿಯಾದಷ್ಟು ಸಿಹಿನೀರು ಬೆಳಿಗ್ಗೆ ಸುರಿದರಾಯಿತು.

ಉಳಿದದ್ದು ಸ್ಕಿಮ್ಮರು. ಕರೆಂಟು ಹೋದಾಗ ನೀರಿಗೆ ಗಾಳಿ ಕೊಟ್ಟು ಮೀನಿನ ಉಸಿರು ಉಳಿಸುವುದು ಅದೇ, ಹಾಗಾಗಿ ಅದನ್ನು ಇನ್ವರ್ಟರಿನಿಂದ ತೆಗೆಯುವಂತಿಲ್ಲ. ಹಾಗಂತ ಐವತ್ತು ವ್ಯಾಟಿನ ಹಳೆಯದನ್ನು ಇಡುವಂತೆಯೂ ಇಲ್ಲ. ಸ್ಕಿಮ್ಮರನ್ನು ತೊಟ್ಟಿಯ ಅಳತೆ ನೋಡಿ ತರಬಾರದು, ಒಳಗಿನ ಮೀನು ನೋಡಿ ತರಬೇಕು ಎಂದು ಚೆನ್ನೈನವರು ಹೇಳಿದ್ದು ಈಗ ಅರ್ಥವಾಯಿತು. ಆರೇಳು ಸಣ್ಣ ಮೀನಿನ ಕೊಳೆ ಆ ಭಾರಿ ಯಂತ್ರಕ್ಕೆ ಯಾವ ಮೂಲೆಗೂ ಸಾಲುತ್ತಿರಲಿಲ್ಲ. ನೊರೆ ಎಷ್ಟೋ ದಿನ ಬಟ್ಟಲಿನವರೆಗೂ ಏರದೆ ನಡುದಾರಿಯಲ್ಲೇ ಕುಸಿಯುತ್ತಿತ್ತು. ಬೇಕಾದದ್ದು ಹದಿನೈದು ವ್ಯಾಟಿನೊಳಗಿನ, ನೊರೆ ಏರುವ ಕತ್ತು ಸಣ್ಣದಿರುವ ಸ್ಕಿಮ್ಮರು. ಅಂಥದ್ದೊಂದು ಎಲ್ಲಿದೆ ಎಂಬುದು ದುರ್ಗಾದೇವಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಅಲ್ಲಿಗೆ ಹೋಗಲು ಕಾಲು ಬರಲಿಲ್ಲ.

ಸಿರುಗುಪ್ಪದಲ್ಲಿ ಅಕ್ಕಿ ಗಿರಣಿಯ ಉಮಾಪತಿಯವರ ಪಡಸಾಲೆಯಲ್ಲೂ ಒಂದು ತೊಟ್ಟಿ ಇದೆ. ಅದಕ್ಕೆಂದು ಚೆನ್ನೈನಿಂದ ಮೊದಲು ಬಂದದ್ದು ಅದೇ ಸಣ್ಣ ಸ್ಕಿಮ್ಮರು. ಇದು ಏನೂ ಸಾಲದು ಸಾವ್ಕಾರ್ರೇ ಎಂದು ಅದನ್ನು ಬೀರುವಿನ ಮೇಲೆ ಎತ್ತಿಡಿಸಿ ದೊಡ್ಡದು ತರಿಸಿದ್ದು ಇದೇ ದುರ್ಗಾದೇವಿ. ಈಗ ಅದೇ ಬೀರುವಿನ ಮುಂದೆ ನಿಂತು ಅದನ್ನು ಕೇಳಬೇಕು. ಉಮಾಪತಿ ಗಹಗಹಿಸಿ ನಕ್ಕರು. "ದೊಡ್ಡದಿರಬೇಕು ಅಂತ ನೀನ ಹೇಳಿದ್ಯಲ್ಲವ್ವ. ಈಗ ಸಣ್ಣದಕ್ಕ ಯಾಕ ಬಂದಿ?" ಎಂದು ಕೇಳಿದರು. ದುರ್ಗಾದೇವಿ ತಲೆ ತಗ್ಗಿಸಿ, ತಮ್ಮದು ತಪ್ಪಾಯಿತೆಂದು ಒಪ್ಪಿಕೊಂಡರು. ನಿಮ್ಮ ದೊಡ್ಡದನ್ನೂ ತೆಗೆಯೋಣ ಎಂದೂ ಹೇಳಿ ನೋಡಿದರು. ಸಣ್ಣದು ತೊಗೊಂಡು ಹೋಗು, ಆದರೆ ನಮ್ಮದಕ್ಕೆ ಕೈ ಹಚ್ಚಬೇಡ, ಬಂದ ನೆಂಟರು ನೋಡುತ್ತಾರೆ ಎಂದರು ಸಾವ್ಕಾರರು. ಸಿರುಗುಪ್ಪದಲ್ಲಿ ಆ ದೊಡ್ಡ ಸ್ಕಿಮ್ಮರು ಈಗಲೂ ಗುರುಗುಟ್ಟುತ್ತಿದೆ. ತಾವೇ ಹಚ್ಚಿದ ರೂಢಿಯನ್ನು ತಾವೇ ಬಿಡಿಸಲಾಗದೆ ದುರ್ಗಾದೇವಿ ಅದರ ಬಟ್ಟಲನ್ನು ವಾರವಾರ ತೊಳೆದು ಬರುತ್ತಾರೆ.

ಸಣ್ಣದನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ತಂದದ್ದೇನೋ ಸರಿ, ಕೂರಿಸಿದ ಮೇಲೆ ಅದು ನೊರೆಯೇ ಏಳಿಸಲಿಲ್ಲ. ಹೊಸ ಪ್ಲಾಸ್ಟಿಕ್ಕಿನ ಜಿಡ್ಡು ಹೋಗುವವರೆಗೆ ಹಾಗೇ, ಮುಟ್ಟಬೇಡಿ ಎಂದರು ಚೆನ್ನೈನವರು. ಯುಗಾದಿ ಹತ್ತಿರ ಬರುತ್ತಿತ್ತು. ಪ್ರತಿ ಬೆಳಿಗ್ಗೆ ಬಟ್ಟಲು ಎತ್ತಿದರೆ ಒಣಒಣ. ವಿಜಯಾಬಾಯಿ ಬಟ್ಟಲಿನ ಕಡೆ ಒಂದು ಕಣ್ಣು ಹಾಯಿಸಿಯೇ ಫ್ರಿಜ್ಜಿನ ಕಡೆ ಹೋಗುತ್ತಿದ್ದರು. ವಾರ ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ ಬಟ್ಟಲಿನ ತಳದಲ್ಲಿ ತೆಳು ಚಹಾದಂಥ ನೀರು ಕಂಡಿತು. ಗಬ್ಬು ನಾರುವ ಆ ಬಟ್ಟಲನ್ನು ದುರ್ಗಾದೇವಿ ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

ಯುಗಾದಿಗೆ ಎರಡು ದಿನ ಇರುವಾಗ ಕರೆಂಟು ಮತ್ತೆ ಹೋಯಿತು.

ದುರ್ಗಾದೇವಿ ತೊಟ್ಟಿಯ ಬಳಿಯೇ ಇದ್ದರು. ಇನ್ವರ್ಟರು ಕುಯ್ ಎಂದು ಎದ್ದಿತು. ಚಿಲ್ಲರು ನಿಂತಿತು, ಅದು ಇನ್ವರ್ಟರಿಗೆ ಸೇರಿದ್ದಲ್ಲ. ಫ್ರಿಜ್ಜು ನಡೆಯಿತು. ಪಂಪು, ಸ್ಕಿಮ್ಮರು, ಅಲೆಯ ಪಂಪು, ಫ್ಯಾನು ನಡೆದವು. ಹೊರಗೆ ಬಿಸಿಲು ಕಣ್ಣು ಬಿಡಲು ಕೊಡುತ್ತಿರಲಿಲ್ಲ. ಬೆಂಚಿನ ಮೇಲೆ ತಾಯಂದಿರು ಬಂದು ಕೂರತೊಡಗಿದರು. ಹನ್ನೆರಡು ದಾಟಿದ ಮೇಲೆ ರೂಪನಗುಡಿಯ ಪಕ್ಕೀರಮ್ಮ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರು. ಹಿಂದಿನ ಸಲ ತಪ್ಪಿದ ಲಸಿಕೆಗೆ ಇವತ್ತು ಬನ್ನಿ ಎಂದು ಹೇಳಿಕಳಿಸಿದ್ದರು.

ಅವರನ್ನು ನೋಡಿದ್ದೇ ದುರ್ಗಾದೇವಿಗೆ ಬ್ಯಾಟರಿಯಲ್ಲಿ ಎಷ್ಟಿದೆ ಎಂದು ನೋಡುವ ಧೈರ್ಯವೂ ಆಗಲಿಲ್ಲ. ಬಗ್ಗಿ ತಾವೇ ಪಂಪಿನ ಪ್ಲಗ್ಗು ಕಿತ್ತರು. ಫ್ಯಾನಿನದು ಕಿತ್ತರು. ಸ್ಕಿಮ್ಮರಿನದೂ ಕಿತ್ತರು. ಅಲೆಯ ಪಂಪು ಒಂದೇ ಉಳಿಯಿತು, ಅದರ ವೈರನ್ನೂ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ಕೂತರು. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. "ಅಕಿ ಇನ್ನೊಂದ್ಸಲ ಹಂಗ ವಾಪಸ್ ಹೋಗೂದು ನೋಡಾಕ ನನ್ನ ಕೈಲಿ ಆಗ್ತಿದ್ದಿಲ್ರಿ. ಹವಳ ಸತ್ರ ಸಾಯ್ಲಿ ಅಂದೆ. ಅಂದೆ, ಆದ್ರ ಅತ್ಗೋಂತ ಅಂದೆ," ಎನ್ನುತ್ತಾರೆ ಅವರು.

ತೊಟ್ಟಿ ಸದ್ದಿಲ್ಲದೆ ನಿಂತಿತು. ಹವಳದ ಬೆರಳುಗಳು ಒಂದೊಂದಾಗಿ ಒಳಗೆ ಸರಿದವು. ಪಟ್ಟಿ ಮೀನಿನ ಜೋಡಿ ಮೇಲೆ ಬಂದು ಬಾಯಿ ಬಡಿಯತೊಡಗಿತು. ಇಂಜೆಕ್ಷನ್ ಕೋಣೆಯಿಂದ ಕೂಸಿನ ಚೀರಾಟ ಕೇಳಿಸಿತು. ದುರ್ಗಾದೇವಿಗೆ ಅದನ್ನು ಕೇಳಿ ನೆಮ್ಮದಿಯಾಯಿತಂತೆ. ಲಸಿಕೆ ಚೆನ್ನಾಗಿದ್ದರೆ ತಾನೇ ಕೂಸು ಅಳುವುದು.

ಕೋಣೆಯಿಂದ ವಿಜಯಾಬಾಯಿ ಹೊರಗೆ ಬಂದರು. ಫ್ರಿಜ್ಜಿನ ಮೇಲಿನ ಅಂಕಿ ನೋಡಿದರು. ನಾಲ್ಕು ಡಿಗ್ರಿ. ಇನ್ವರ್ಟರಿನ ಬಳಿ ಹೋಗಿ ಬ್ಯಾಟರಿಯ ಅಂಕಿ ನೋಡಿದರು. ಅರ್ಧಕ್ಕಿಂತ ಮೇಲಿತ್ತು. ಮತ್ತೊಮ್ಮೆ ನೋಡಿದರು. ಆಮೇಲೆ ತೊಟ್ಟಿಯ ಕಡೆ ನೋಡಿದರು, ನೆಲದ ಮೇಲೆ ಬಿದ್ದಿದ್ದ ಮೂರು ವೈರು ನೋಡಿದರು, ವೈರು ಹಿಡಿದು ಕೂತವರನ್ನು ನೋಡಿದರು. ವಾಸನೆಗೆ ಮೂಗು ಮುಚ್ಚುವ ಆ ಹೆಂಗಸು ಸೀರೆ ಎತ್ತಿ ಹಿಡಿದು ಮಂಡಿಯೂರಿ, ಮೊದಲು ಸ್ಕಿಮ್ಮರಿನ ಪ್ಲಗ್ಗನ್ನು ತಾವೇ ಸಿಕ್ಕಿಸಿದರು.

"ನನ್ನ ಫ್ರಿಜ್ ನಾ ನೋಡ್ಕೋತೀನಿ. ನಿನ್ನ ಮೀನಿಗೆ ಉಸಿರು ಕೊಡು, ಏಳು," ಎಂದರು.

ಗುಳ್ಳೆ ಎದ್ದವು. ಅಳು ನಿಲ್ಲದ ಕೂಸನ್ನು ಪಕ್ಕೀರಮ್ಮ ಗಾಜಿನ ಮುಂದೆ ತಂದು ನಿಲ್ಲಿಸಿಕೊಂಡರು. ಕೂಸು ಬಿಕ್ಕುತ್ತಲೇ ಬಾಯಿ ತೆರೆದು ನೋಡಿತು. ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ಫ್ರಿಜ್ಜು ಎಂಟು ಮುಟ್ಟಲಿಲ್ಲ, ತೊಟ್ಟಿ ಇಪ್ಪತ್ತೆಂಟರ ಒಳಗೇ ಉಳಿಯಿತು, ಬ್ಯಾಟರಿಯೂ ಪೂರ್ತಿ ಬರಿದಾಗಲಿಲ್ಲ. ಸಂಜೆ ಡಾಕ್ಟರ್ ಸುಪ್ರಜಾ ಎಲ್ಲವನ್ನೂ ಕೇಳಿ, ಯುಗಾದಿ ಆದ ಮೇಲೆ ಕಿತ್ತಲೆ ಬಣ್ಣದ ಹವಳ ಇನ್ನೊಂದು ತುಣುಕು ತರಿಸಬಹುದಾ ಎಂದಷ್ಟೇ ಕೇಳಿದರು. ತೊಟ್ಟಿ ಇರುತ್ತದೆ ಎಂದು ಬೇರೆ ಹೇಳುವ ಅಗತ್ಯ ಬೀಳಲಿಲ್ಲ.

ಹಬ್ಬ ಮುಗಿಸಿ ದುರ್ಗಾದೇವಿ ಕೆಲಸಕ್ಕೆ ಬಂದಾಗ ಇನ್ವರ್ಟರಿನ ಬೋರ್ಡಿನ ಮೇಲೆ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿಯ ಎರಡು ತುಂಡು ಅಂಟಿಸಿತ್ತು. ವಿಜಯಾಬಾಯಿಯವರ ದುಂಡನೆಯ ಅಕ್ಷರ. ಮೊದಲ ಪ್ಲಗ್ಗಿನ ಮೇಲೆ ಲಸಿಕೆ ಎಂದಿದೆ. ತೊಟ್ಟಿಯ ವೈರುಗಳೆಲ್ಲ ಬಂದು ಸೇರುವ ಎರಡನೆಯದರ ಮೇಲೆ ದುರ್ಗಾದೇವಿ ಎಂದಿದೆ. ಮೀನು ಎಂದು ಬರೆದಿದ್ದರೆ ಸಾಕಿತ್ತು ಎಂದು ಇವರು ಹೋಗಿ ಹೇಳಿದರಂತೆ, ವಿಜಯಾಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಕುರುಗೋಡಿನ ಅಂಗಡಿಯ ಬೋರ್ಡಿನ ಮೇಲೆ ಇವತ್ತಿಗೂ ಅಪ್ಪನ ಹೆಸರೊಂದೇ ಇದೆ. ಹಚ್ಚೊಳ್ಳಿಯಲ್ಲಿ ಅವರು ಕಟ್ಟಿದ ಮೋಟರುಗಳು ಯಾರ ಹೆಸರೂ ಇಲ್ಲದೆ ನೀರೆತ್ತುತ್ತಿವೆ. ಎಲ್ಲಿಯೂ ತಮ್ಮ ಹೆಸರು ಬರೆದದ್ದನ್ನು ಅವರು ನೋಡಿರಲಿಲ್ಲ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಆ ಬಿಳಿ ಪಟ್ಟಿಯನ್ನು ಹೆಬ್ಬೆರಳಿನಿಂದ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಾರೆ.

"ಮೊದಲನೇದು ಕೂಸುಗಳದು, ಎರಡನೇದು ನಂದು. ಇರಬೇಕಾದ್ದೂ ಹಂಗರಿ. ಆ ಎರಡನೇದು ಹಿಂಗ ಇದ್ರ ಸಾಕು."